ಮರಳಿನ ಟ್ರೇ

ಡಾಕ್ಟರಮ್ಮನ ಎಡಗಾಲಿನ ಚಪ್ಪಲಿ ಯಾವಾಗಲೂ ಹೊರಗಿನ ಅಂಚಿನಲ್ಲೇ ಸವೆಯುತ್ತಿತ್ತು. ಬಲಗಾಲಿನದು ಇನ್ನೂ ಹೊಸದಾಗಿ ಕಾಣುವಾಗಲೇ ಎಡಗಾಲಿನದು ಒಂದು ಬದಿಗೆ ವಾಲಿ, ಹಿಮ್ಮಡಿಯ ಹತ್ತಿರ ರಬ್ಬರು ಕಾಗದದಷ್ಟು ತೆಳ್ಳಗಾಗಿರುತ್ತಿತ್ತು. ಚಿಕ್ಕಂದಿನಲ್ಲಿ ಮೈಸೂರಿನ ಬೀದಿಯಲ್ಲಿ ಸೈಕಲ್ಲಿನಿಂದ ಬಿದ್ದು ಮುರಿದುಕೊಂಡ ಕಾಲು ಅದು. "ಮೂಳೆ ಕೂಡ್ಕೊಂಡು ಯಾವ ಕಾಲ ಆಯ್ತು ಕಣಯ್ಯಾ, ಚಪ್ಪಲಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ" ಎಂದು ನಗುತ್ತಿದ್ದರು.

ಕುವೈತಿನ ಒಂದು ಖಾಸಗಿ ಪ್ರಾಣಿ ಆಸ್ಪತ್ರೆಯಲ್ಲಿ ಅವರು ವೈದ್ಯೆ. ನಾನು, ಅವರು ಸೂಜಿ ಚುಚ್ಚುವಾಗ ಪ್ರಾಣಿ ಅಲುಗಾಡದಂತೆ ಹಿಡಿದುಕೊಳ್ಳುವವನು. ಬಂಟ್ವಾಳದ ಕಡೆಯ ಬ್ಯಾರಿ. ಊರಿನಲ್ಲಿದ್ದಾಗ ಬೆಕ್ಕನ್ನೂ ಮುಟ್ಟಿದವನಲ್ಲ. ನನ್ನ ಮಾತಿನ ಧಾಟಿ ಅವರಿಗೆ ತಮಾಷೆ. ಬೆಳಿಗ್ಗೆ ಬಂದ ಕೂಡಲೇ "ಎಂತ ಮಾರಾಯ, ತಿಂಡಿ ಆಯ್ತಾ?" ಎಂದು ನನ್ನದೇ ರಾಗದಲ್ಲಿ ಅಣಕಿಸುವರು. ಅದೇ ಬಾಯಿ ರಂಜಾನ್ ತಿಂಗಳಲ್ಲಿ ನನ್ನೆದುರು ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಔಷಧಿ ಕೋಣೆಗೆ ಹೋಗಿ, ಕುಡಿದು, ತುಟಿ ಒರೆಸಿಕೊಂಡು ಹೊರಗೆ ಬರುವರು.

ಆಸ್ಪತ್ರೆಯ ಹಿಂಬಾಗಿಲಿನಲ್ಲಿ ಅವರು ತಗಡಿನ ಉದ್ದನೆಯ ಟ್ರೇ ಇಟ್ಟು ಮರಳು ತುಂಬಿಸಿದ್ದರು. ಗುಣವಾದ ಯಾವ ಪ್ರಾಣಿಯೂ ಆ ಮರಳಿನ ಮೇಲೆ ನಡೆಯದೆ ಮನೆಗೆ ಹೋಗುವಂತಿರಲಿಲ್ಲ. ನಡೆದಾದ ಮೇಲೆ ಇಬ್ಬರೂ ಕುಕ್ಕರಗಾಲಿನಲ್ಲಿ ಕೂತು ಹೆಜ್ಜೆ ನೋಡುತ್ತಿದ್ದೆವು. ನಾಯಿಯ ಹೆಜ್ಜೆಯಲ್ಲಿ ಉಗುರು ಕಾಣುತ್ತದೆ. ಬೆಕ್ಕಿನ ಜಾತಿಯದು ಉಗುರನ್ನು ಒಳಗೆಳೆದುಕೊಂಡು ನಡೆಯುತ್ತದೆ. ಬೆಕ್ಕಿನ ಬೆರಳುಗಳಲ್ಲಿ ಒಂದು ನಮ್ಮ ನಡುಬೆರಳಿನಂತೆ ಮುಂದಿರುತ್ತದೆ, ಎಡಗಾಲೋ ಬಲಗಾಲೋ ಅದರಿಂದ ತಿಳಿಯುತ್ತದೆ. ಮುಂಗಾಲು ದೊಡ್ಡದು, ದುಂಡಗೆ, ಹಿಂಗಾಲು ಸಣ್ಣದು. ಓಡುವಾಗ, ಮೈ ಬಂದಾಗ, ನೆಲ ಮೆತ್ತಗಿದ್ದಾಗ ಬೆರಳುಗಳು ಅಗಲವಾಗುತ್ತವೆ. "ಹೆಜ್ಜೆ ದೊಡ್ಡದಿದೆ ಅಂತ ಪ್ರಾಣೀನ ದೊಡ್ಡದು ಅನ್ಬೇಡ. ಮೊದಲು ನೆಲ ಎಂಥದು ನೋಡು" ಎನ್ನುವರು. ಕೊನೆಗೆ ಏಳುವಾಗ ಮೊಣಕಾಲು ಹಿಡಿದುಕೊಂಡು ಅದೇ ಮಾತು: "ಮುಖ ಸುಳ್ಳು ಹೇಳತ್ತೆ. ಕಾಲಿಗೆ ಆ ವಿದ್ಯೆ ಬರಲ್ಲ."

ಆ ಮರಿ ಬಂದದ್ದು ಒಬ್ಬ ದೊಡ್ಡ ಮನುಷ್ಯರ ಮನೆಯಿಂದ. ಪ್ಯೂಮಾ ಅಂತೆ, ಅಮೆರಿಕದ ಬೆಟ್ಟಗಳ ಸಿಂಹ. ಅಂಥದನ್ನು ಮನೆಯಲ್ಲಿ ಸಾಕಲು ಕಾನೂನು ಒಪ್ಪುವುದಿಲ್ಲ, ಆದರೆ ಕಾನೂನು ಆ ಮನೆಯ ಗೇಟು ದಾಟಿರಲಿಲ್ಲ. ಮರಿ ಸೋಫಾ ಹರಿಯುತ್ತದೆ, ಮುಂಗಾಲಿನ ಉಗುರು ತೆಗೆಯಿರಿ ಎಂದರು. ಉಗುರು ತೆಗೆಯುವುದೆಂದರೆ ಪ್ರತಿ ಬೆರಳಿನ ತುದಿಯ ಮೂಳೆಯನ್ನೇ ಗೆಣ್ಣಿನಲ್ಲಿ ಕಡಿಯುವುದು. ಡಾಕ್ಟರಮ್ಮ ಆಗುವುದಿಲ್ಲ ಎಂದುಬಿಟ್ಟರು. ಆಸ್ಪತ್ರೆ ನಮಗೆ ವೀಸಾ ಕೊಟ್ಟು ಕರೆಸಿಕೊಂಡ ಕಫೀಲನದು, ಆ ದೇಶದಲ್ಲಿರಲು ಬೇಕಾದ ನಮ್ಮೆಲ್ಲರ ಇಕಾಮಾ ಅವನ ಕೈಯಲ್ಲಿ. ಅವನು ಕೂಗಾಡಲಿಲ್ಲ. "ಡಾಕ್ಟರ್, ನಿಮ್ಮ ಮಗಳ ಶಾಲೆ ಇನ್ನೂ ಮುಗಿದಿಲ್ಲ ಅಲ್ಲವೇ?" ಎಂದಷ್ಟೇ ಕೇಳಿದ. ಮಾರನೆಯ ದಿನ ಅವರು ಬ್ಲೇಡು ಹಿಡಿದರು, ನಾನು ಕಾಲು ಹಿಡಿದೆ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ತಲೆ ತಗ್ಗುತ್ತದೆ.

ಆ ಮರಿಯನ್ನು ಮಾತ್ರ ಅವರು ಮರಳಿನ ಮೇಲೆ ನಡೆಸಲಿಲ್ಲ. ಅದನ್ನು ಒಯ್ಯಲು ಬಂದ ದಿನ ನೋಡಿದರೆ, ಮರಳನ್ನೆಲ್ಲ ಮೂಲೆಗೆ ಸುರಿದು ಟ್ರೇಯನ್ನು ಗೋಡೆಗೆ ಒರಗಿಸಿದ್ದರು. "ಇವತ್ತು ಬೇಡ" ಎಂದರು. ಎಷ್ಟೋ ದಿನ ಅವರು ನನ್ನ ಮುಖ ನೋಡಲಿಲ್ಲ, ನಾನು ಅವರದನ್ನು ನೋಡಲಿಲ್ಲ. ಒಟ್ಟಿಗೆ ಕದ್ದವರು ಸಂತೆಯಲ್ಲಿ ಎದುರಾದ ಹಾಗೆ ಇದ್ದೆವು.

ಕೆಲವು ಚಳಿಗಾಲ ಕಳೆದ ಮೇಲೆ ಮೀನಾ ಅಬ್ದುಲ್ಲಾ ಎಂಬ ಕಾರ್ಖಾನೆಗಳ ಪ್ರದೇಶದಿಂದ ಸುದ್ದಿ ಬಂತು. ಅಲ್ಲಿ ಕಾರ್ಮಿಕರ ಕ್ಯಾಂಪಿನ ಹಿಂದೆ ಕಸದ ಡ್ರಮ್ಮುಗಳ ಸುತ್ತ ಯಾವುದೋ ದೊಡ್ಡ ಪ್ರಾಣಿಯ ಹೆಜ್ಜೆ ಮೂಡಿತ್ತು. ಬೆಳಗಿನ ಬಸ್ಸಿಗೆ ನಿಲ್ಲಲು ಜನ ಹೆದರುತ್ತಿದ್ದರು. ಸರ್ಕಾರದವರು ಬಂದೂಕು ಹಿಡಿದು ಬಂದಿದ್ದರು, ಒಬ್ಬ ಪ್ರಾಣಿ ವೈದ್ಯರೂ ಬೇಕೆಂದರು. ಕಫೀಲ ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ತಾನೇ ಹೊರಟ. ಅಧಿಕಾರಿಗಳ ಜೊತೆ ಫೋಟೋ ತೆಗೆಸಿಕೊಳ್ಳುವ ಅವಕಾಶ ಬಿಡುವ ಆಸಾಮಿ ಅಲ್ಲ ಅವನು.

ಡಾಕ್ಟರಮ್ಮ ಕುಕ್ಕರಗಾಲಿನಲ್ಲಿ ಕೂತರು. ನಾಲ್ಕು ಬೆರಳು, ಉಗುರಿಲ್ಲ, ಅಂಗಾಲಿನ ಮೆತ್ತೆಯ ಹಿಂಬದಿಯಲ್ಲಿ ಮೂರು ಉಬ್ಬು. ಬೆಕ್ಕಿನ ಜಾತಿಯ ದೊಡ್ಡ ಪ್ರಾಣಿಯೆಂದು ನನಗೂ ತಿಳಿಯಿತು. ತಿಳಿಯದ್ದು ಇನ್ನೊಂದು.

"ಮುಂಗಾಲೇ ಸಣ್ಣ ಉಂಟಲ್ಲ ಮೇಡಂ? ಬೆರಳು ಸರಿ ಮೂಡ್ಲೇ ಇಲ್ಲ. ಹೊಯ್ಗೆ ಒಣಗಿ ಹಾಗೆ ಕಾಣುವುದಾ?" ಎಂದೆ.

"ಮರಳಿನ ತಪ್ಪಲ್ಲಪ್ಪಾ. ಬೆರಳು ಊರಕ್ಕೆ ಆಗ್ತಿಲ್ಲ ಅದಕ್ಕೆ. ನೋವಿಗೆ ಭಾರಾನೆಲ್ಲ ಹಿಂದಕ್ಕೆ ಹಾಕ್ಕೊಂಡು ನಡೆದಿದೆ." ಆಮೇಲೆ ಮಣ್ಣಿಗೇ ಹೇಳುವಂತೆ, "ಆ ಮನೆಯವರು ಸಾಕಕ್ಕಾಗ್ದೆ ಬಿಟ್ಟಿರ್ಬೇಕು. ನಮ್ಮದೇ ಕಣಯ್ಯಾ ಇದು" ಎಂದರು.

ಎದ್ದು ನಿಂತು ಅಧಿಕಾರಿಗೆ ಹೇಳಿದರು: ಗುಂಡು ಹಾರಿಸಬೇಡಿ, ಇದು ಬೇಟೆಯಾಡಲಾರದು, ಹಸಿದಿದೆ, ಬೋನಿನಲ್ಲಿ ಕೋಳಿ ಇಟ್ಟರೆ ತಾನಾಗಿ ಬರುತ್ತದೆ. ಅವನು ಒಪ್ಪಲಿಲ್ಲ. ಇಷ್ಟು ಜನರ ಜೀವವನ್ನು ಊಹೆಯ ಮೇಲೆ ಬಿಡಲಾಗದು, ನಿಮಗೆ ಹೇಗೆ ಗೊತ್ತು ಎಂದು ಕೇಳಿದ. ಪಕ್ಕದಲ್ಲೇ ಕಫೀಲ ಕಣ್ಣು ಕಿರಿದು ಮಾಡಿ ನಿಂತಿದ್ದ. ಡಾಕ್ಟರಮ್ಮ ಅವನನ್ನೊಮ್ಮೆ ನೋಡಿ, ತಮ್ಮ ಎರಡೂ ಕೈ ಮುಂದೆ ಚಾಚಿ, ಬೆರಳುಗಳ ತುದಿಯ ಗೆಣ್ಣು ಮಡಚಿ ತೋರಿಸಿದರು. "ಅನಾ ಸವ್ವೇತ್" ಎಂದರು. ನಾನೇ ಮಾಡಿದ್ದು.

ನಾನೂ ಬಾಯಿ ತೆರೆದೆ. ಅಷ್ಟರಲ್ಲಿ ಅವರ ಎಡಗಾಲು ಬಂದು ನನ್ನ ಪಾದವನ್ನು ಒತ್ತಿತು, ಆ ಸವೆದ ಚಪ್ಪಲಿಯ ಕಾಲೇ. ನನ್ನ ಕಡೆ ತಿರುಗಲೂ ಇಲ್ಲ. ನಾನು ಬಾಯಿ ಮುಚ್ಚಿದೆ. ಮುಚ್ಚಿದ್ದಕ್ಕೆ ಅವರ ಕಾಲು ಒಂದು ನೆಪ. ನಿಜ ಹೇಳಬೇಕೆಂದರೆ ಆ ಭಾರ ಬಿದ್ದಾಗ ನನಗೆ ಹಾಯೆನಿಸಿತು.

ಪ್ರಾಣಿ ಬೋನಿಗೆ ಬಂತು. ಬಂದದ್ದನ್ನು ನೋಡಿದೆ, ಕೆಂಡದ ಮೇಲೆ ನಡೆದಂತೆ ಮುಂಗಾಲು ಎತ್ತಿ ಎತ್ತಿ ಇಡುತ್ತಿತ್ತು. ಅದನ್ನು ಸರ್ಕಾರದವರೇ ಒಯ್ದು ಸಾಕಿಕೊಂಡರು. ಕಫೀಲ ಕಾರಿನಲ್ಲಿ ಒಂದೇ ಮಾತು ಹೇಳಿದ, "ಖಲಾಸ್, ಡಾಕ್ಟರ್." ಮಗಳ ಶಾಲೆ ಅರ್ಧಕ್ಕೇ ಬಿಡಿಸಿಕೊಂಡು ಅವರು ಮೈಸೂರಿಗೆ ಹೊರಟರು.

ವಿಮಾನ ನಿಲ್ದಾಣದಲ್ಲಿ ಕೇಳಿದೆ, "ನನ್ನನ್ನು ಯಾಕೆ ಮೇಡಂ ಮಾತಾಡ್ಲಿಕ್ಕೆ ಬಿಡ್ಲಿಲ್ಲ?"

"ಕತ್ತರಿಸಿದ್ದು ನಾನು. ನೀನು ಹಿಡ್ಕೊಂಡೆ ಅಷ್ಟೆ. ಎರಡೂ ಬೇರೆ ಕಣಯ್ಯಾ."

ಬೇರೆಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ನಾನು ತಲೆಯಾಡಿಸಿದೆ, ಅವರ ಟ್ರಾಲಿ ತಳ್ಳಿದೆ, ಮಾರನೆಯ ದಿನ ಕೆಲಸಕ್ಕೆ ಹೋದೆ. ಈಗಲೂ ಅಲ್ಲೇ ಹೋಗುತ್ತಿದ್ದೇನೆ.

ಈಚೆಗೆ ಅವರ ಮಗಳು ಫೋನು ಮಾಡಿ, ಅಮ್ಮ ಹೋದರು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಗೋಡೆಗೆ ಒರಗಿಸಿದ್ದ ಟ್ರೇಯನ್ನು ಇಳಿಸಿ, ಮರಳು ತುಂಬಿ, ಅಂಗೈಯಲ್ಲಿ ಸಮ ಮಾಡಿದೆ. ಚಪ್ಪಲಿ ಬಿಟ್ಟು ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಡೆದೆ. ಆಮೇಲೆ ಅವರು ಕಲಿಸಿದಂತೆ ಕುಕ್ಕರಗಾಲಿನಲ್ಲಿ ಕೂತು ನೋಡಿದೆ.

ಎರಡೂ ಪಾದ ನೆಟ್ಟಗೆ ಮೂಡಿದ್ದವು. ಎಲ್ಲೂ ಕುಂಟಿಲ್ಲ, ವಾಲಿಲ್ಲ. ಕಾಲಿಗೆ ಸುಳ್ಳು ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದು ನನ್ನ ಕಾಲನ್ನು ನೋಡದೆ.