ಮೊಣಕೈ ಮಡಚಲು ಕಲಿಸುವ ಜನ್ನತಬಿ

ಬೆಳಕು ಹರಿಯುವ ಹೊತ್ತು. ಚಿಕ್ಕೋಡಿಯ ಒಂದು ಸಣ್ಣ ಎಲುಬಿನ ಆಸ್ಪತ್ರೆಯ ಮಾಳಿಗೆಯ ಮೇಲೆ ಜನ್ನತಬಿ ಒಗೆದ ಬಟ್ಟೆಗಳನ್ನು ಹಗ್ಗಕ್ಕೆ ಹಾಕುತ್ತಾರೆ. ಮುರಿದ ಕೈಯನ್ನು ಕೊರಳಿಗೆ ತೂಗುಹಾಕುವ ಜೋಳಿಗೆಗಳು, ಹೆಚ್ಚಿನವು ಮಕ್ಕಳವು. ಕೆಳಗೆ ವಾರ್ಡಿನಲ್ಲಿ ಮಕ್ಕಳು ಮಲಗಿದ್ದಾರೆ. ಕೆಮ್ಮು ಬಂದರೂ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ.

ಗಂಡ ಬಂದಗಿಸಾಬ ತೀರಿಕೊಂಡ ಮೇಲೆ ಇಲ್ಲಿ ಕಸ ಹೊಡೆಯಲು ಸೇರಿದವರು. ಪ್ಲಾಸ್ಟರ್ ಬಿಚ್ಚಿದ ಮಗು ನೋವಿಗೆ ಹೆದರಿ ಕೈ ಮಡಚದೆ ಅತ್ತರೆ ಡಾಕ್ಟರ್ ಪಾರಿಸ ಇವರನ್ನೇ ಕೂಗುತ್ತಾರೆ. ಜನ್ನತಬಿ ಕೈ ಹಿಡಿದು ಎಳೆಯುವುದಿಲ್ಲ. ಮಗುವಿನ ಅಂಗೈಗೊಂದು ಪೇರಲ ಕೊಟ್ಟು, ತಾವೂ ಒಂದನ್ನು ಕಡಿಯುತ್ತ ಎದುರು ಕೂರುತ್ತಾರೆ; ತಿನ್ನುವ ಆಸೆಗೆ ಮಗು ತಾನಾಗಿ ಕೈ ಮಡಚುತ್ತದೆ.

ಮುರಿದ ಮೊಣಕೈ ಕೂಡಲು ಇಲ್ಲಿ ಈಗ ಹಾಕುವ ಮೊಳೆ ಎಲುಬಿನಲ್ಲೇ ಮೆಲ್ಲಗೆ ಕರಗುತ್ತದೆ. ತೆಗೆಯಲು ಮತ್ತೆ ಕೊಯ್ಯಬೇಕಿಲ್ಲ. ಜನ್ನತಬಿಗೆ ಅದೇ ಸಂತೋಷ, ಅದೇ ಚಿಂತೆ.

"ಮೊದ್ಲ ಲೋಹದ್ದು ತಗಸಾಕರ ತಿರುಗಿ ಬರ್ತಿದ್ರು. ಈಗ ಕರಗತೈತಿ ಅಂದ್ರ ಎಲ್ಲಾ ಮುಗೀತ ಅಂತಾರ್ರಿ. ಮೊಳಿ ಕರಗತೈತಿ ಖರೆ, ಕೈ ತಾನ ಮಡಚತೈತೇನ್ರಿ?"

ಅದಕ್ಕೇ ರಜೆಯ ದಿನ, ತಿರುಗಿ ಬಾರದ ಮಕ್ಕಳನ್ನು ಹುಡುಕಿಕೊಂಡು ಬಸ್ ಹತ್ತುತ್ತಾರೆ. ಈ ಭಾನುವಾರ ರಾಯಬಾಗದ ಹತ್ತಿರ, ಕಬ್ಬು ಕಡಿದ ಹೊಲದಲ್ಲಿ ಕುರಿ ನಿಲ್ಲಿಸಿರುವ ಮಲಕಾರಿಯ ಬಿಡಾರಕ್ಕೆ ಬಂದಿದ್ದಾರೆ. ಕರಗುವ ಮೊಳೆ ಹಾಕಿಸಿಕೊಂಡು ಹೋದ ಅವನ ಮಗಳು ಸುಜಾತಾ ಮತ್ತೆ ಆಸ್ಪತ್ರೆ ಕಂಡಿಲ್ಲ. ಬಲಗೈ ಅರ್ಧಕ್ಕೇ ನಿಂತಿದೆ, ಉಣ್ಣುವುದು ಎಡಗೈಯಲ್ಲಿ. ಅಜ್ಜಿ ಸಾವಕ್ಕ ಆ ಮೊಣಕೈಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಾಳೆ, ಪ್ರೀತಿಯಿಂದ, ಜೋರಾಗಿ.

"ತಿಕ್ಕಬ್ಯಾಡ್ರಿ ಅಜ್ಜಿ, ಇನ್ನಷ್ಟು ಬಿಗೀತೈತಿ."

"ಕುರಿಮರಿ ಕಾಲ ಹಿಂಗ ತಿಕ್ಕಿ ನಿಂದರಿಸೇನಿ. ನೀ ಯಾವ ಡಾಕ್ಟರೀಣಬಾಯಿ ಬೇ?"

"ಕಸಾ ಹೊಡಿಯೂ ಡಾಕ್ಟರ್ರಿ. ಆ ಎಣ್ಣಿ ನನ್ನ ತಲಿಗೆ ಹಚ್ರಿ, ನಾಕ ಕೂದಲರ ಬರ್ಲಿ!"

ಸುಜಾತಾ ಕಿಸಕ್ಕನೆ ನಗುತ್ತಾಳೆ. ಜನ್ನತಬಿ ಅವಳ ಬಲಗೈಗೆ ಕೊಟ್ಟ ಪೇರಲ ಮೇಲೇಳುತ್ತದೆ, ಗದ್ದದ ಕೆಳಗೇ ನಿಲ್ಲುತ್ತದೆ.

"ದಿನಾ ಮಾಡಿದ್ರ ಬಾಯಿಗೆ ಮುಟ್ಟತೈತ್ರಿ. ಬಿಟ್ರ ಹಿಂಗ ಉಳೀತೈತಿ."

"ನಾಳೆ ನಸುಕಿನಾಗ ಕುರಿ ಎಬ್ಬಸ್ತೇವ್ರಿ," ಎನ್ನುತ್ತಾನೆ ಮಲಕಾರಿ. "ಮಳಿಗಾಲದ ತನಕ ಈ ಕಡೆ ಬರಂಗಿಲ್ಲ."

ಜನ್ನತಬಿ ಹುಡುಗಿಯ ಕೈ ನೋಡುತ್ತಾರೆ.

"ಕೂಸಿನ್ನ ನನ್ನ ಮನ್ಯಾಗ ಬಿಟ್ಟ ಹೋಗ್ರಿ. ಕೈ ಬಾಯಿಗೆ ಮುಟ್ಟಿದ ದಿನ ನಾನ ಕರಕೊಂಡ ಬರ್ತೀನಿ."

ಮಲಕಾರಿ ಕುರಿಗಳ ಕಡೆ ಮುಖ ತಿರುಗಿಸುತ್ತಾನೆ. ಸಾವಕ್ಕ ಎಣ್ಣೆಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾಳೆ.

"ಹಂಗಾರ ನೀವೂ ಬರ್ರಿ ಅಜ್ಜಿ. ಕೂಸಿನ ಜೋಡಿ ಇರ್ರಿ."

ಸಾವಕ್ಕ ಎದ್ದು, ಸುಜಾತಾಳ ಬಟ್ಟೆಯ ಜೊತೆ ತನ್ನದೊಂದು ಸೀರೆಯನ್ನೂ ಗಂಟು ಕಟ್ಟುತ್ತಾಳೆ.