ಅಪ್ಪಣೆ ಕೇಳದ ಹೊಟ್ಟೆ

ಪಾಠದ ನಡುವೆ ಶೌಚಕ್ಕೆಂದು ಏಳುವ ಮಕ್ಕಳನ್ನು ಕಂಡರೆ ಹೆಡ್‌ಮಾಸ್ತರರಿಗೆ ಮೈಯೆಲ್ಲ ಉರಿ. "ಹೊಟ್ಟೆ ನಿಮ್ಮ ಮಾತು ಕೇಳ್ಬೇಕು, ನೀವು ಹೊಟ್ಟೆ ಮಾತು ಕೇಳೋದಲ್ಲ!" ಎಂದು ಗದರುತ್ತಿದ್ದರು. ಬಿಡುವಿನ ಹೊತ್ತು ಬಿಟ್ಟರೆ ಶಾಲೆಯ ಶೌಚಾಲಯಕ್ಕೆ ಬೀಗ. ಬೀಗದ ಕೈ ಅಟೆಂಡರನ ಸೊಂಟದಲ್ಲಿ.

ಅವರೂ ಹಾಗೆಯೇ ಬದುಕಿದವರು. ಬೆಳಗಿನ ಗಂಟೆ ಹೊಡೆದ ಮೇಲೆ ಸಂಜೆಯವರೆಗೆ ಎಂಥ ಬಾಧೆಗೂ ಕುರ್ಚಿ ಬಿಟ್ಟವರಲ್ಲ. ಜೊತೆಗೆ ಒಂದು ಸೀನು ಬಂದರೆ ಸಾಕು, ಯಾರನ್ನೂ ಕೇಳದೆ ಆಂಟಿಬಯೋಟಿಕ್ ತಂದು ನುಂಗುವ ಚಟ. ಕೊನೆಗೊಮ್ಮೆ ಹೊಟ್ಟೆ ತಿರುಗಿಬಿತ್ತು. ದಿನಗಟ್ಟಲೆ ಕಲ್ಲಿನ ಹಾಗೆ ಕೂತಿರುವುದು, ಆಮೇಲೆ ಹೇಳದೆ ಕೇಳದೆ ಹೊರಟುಬಿಡುವುದು.

ಹೆಂಡತಿ ಗದರಿಸಿ ಡಾಕ್ಟರಮ್ಮನ ಬಳಿ ಕರೆದೊಯ್ದರು.

"ತಡೆದೂ ತಡೆದೂ ಕರುಳು ಜಡವಾಗಿದೆ ಸಾರ್," ಎಂದರು ಡಾಕ್ಟರಮ್ಮ. "ಬೇಡದ ಮಾತ್ರೆ ನುಂಗಿ ಒಳಗಿದ್ದ ಒಳ್ಳೇ ಬ್ಯಾಕ್ಟೀರಿಯಾಗಳನ್ನೂ ಹಾಳು ಮಾಡ್ಕೊಂಡಿದೀರಿ. ಕರುಳಿನ ಚಲನೆಗೆ ಅವೂ ಬೇಕು."

"ಬ್ಯಾಕ್ಟೀರಿಯಾನಾ? ನನ್ನೊಳಗಾ? ಎಷ್ಟಿವೆ?"

"ಲಕ್ಷ ಕೋಟಿಗಟ್ಟಲೆ."

"ನನ್ನ ಅನುಮತಿ ಇಲ್ದೇನಾ?"

ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

"ಸೊಪ್ಪು, ಕಾಳು ತಿನ್ನಿ, ನೀರು ಕುಡೀರಿ. ಮುಖ್ಯವಾಗಿ, ಬಂದಾಗ ಎದ್ದು ಹೋಗಿ."

ಆ ಕೊನೆಯ ಮಾತು ಶಿಸ್ತಿಗೆ ವಿರುದ್ಧವೆಂದು ಹೆಡ್‌ಮಾಸ್ತರರು ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ವಾರ ಶಾಲೆಯ ತಪಾಸಣೆಗೆ ಇಲಾಖೆಯ ಸಾಹೇಬರು ಬಂದರು. ಅಲ್ಲಿನ ಶಿಸ್ತನ್ನು ಹೊಗಳಿ ಅವರು ಭಾಷಣಕ್ಕೆ ತೊಡಗಿದಾಗಲೇ ಹೆಡ್‌ಮಾಸ್ತರರ ಹೊಟ್ಟೆ ಗುಡುಗುಟ್ಟಿತು. ಹಲ್ಲು ಕಚ್ಚಿದರು, ಕಾಲು ಹೆಣೆದರು, ಬೆವರಿ ನೀರಾದರು. ಸಾಹೇಬರು "ಇನ್ನೊಂದೇ ಮಾತು" ಎಂದು ಮತ್ತೆ ಶುರುಮಾಡಿದಾಗ ವೇದಿಕೆಯಿಂದ ಇಳಿದು ಓಟ ಕಿತ್ತರು.

ಶೌಚಾಲಯದ ಬಾಗಿಲಿಗೆ ಬೀಗ! ಅಟೆಂಡರ್ ಸಾಹೇಬರಿಗೆ ಟೀ ತರಲು ಹೋಗಿದ್ದ. ಬಾಗಿಲ ಬಳಿ ಮೂರನೇ ತರಗತಿಯ ಹುಡುಗಿಯೊಬ್ಬಳು, ಬಿಡುವಿನ ಗಂಟೆ ಯಾವಾಗ ಹೊಡೆದೀತೆಂದು ಕಾಯುತ್ತ, ಕಾಲಿಗೆ ಕಾಲು ಒತ್ತಿ ನಿಂತಿದ್ದಳು. ಹೆಡ್‌ಮಾಸ್ತರರೂ ಅವಳ ಪಕ್ಕದಲ್ಲಿ ಹಾಗೆಯೇ ನಿಂತರು. ಫ್ಲಾಸ್ಕ್ ಹಿಡಿದು ಓಡಿಬಂದ ಅಟೆಂಡರ್ ಬೀಗ ತೆಗೆದ.

"ನೀವೇ ಮೊದ್ಲು ಹೋಗಿ ಸಾರ್," ಎಂದಳು ಹುಡುಗಿ. "ನಂಗೆ ತಡ್ಕೊಂಡು ರೂಢಿ ಇದೆ."

ನಾಚಿಕೆಯಿಂದ ಭೂಮಿಗಿಳಿದು ಹೋದರೂ, ಮೊದಲು ಹೋದವರು ಅವರೇ.

ಆ ಸಂಜೆಯೇ ಬೀಗ ಕೀಳಿಸಿದರು. ಮರುದಿನ ಮಕ್ಕಳನ್ನೂ ಮೇಷ್ಟರುಗಳನ್ನೂ ಅಂಗಳದಲ್ಲಿ ಕೂರಿಸಿ, ಕರುಳಿನ ಬ್ಯಾಕ್ಟೀರಿಯಾಗಳ ಉಪಕಾರವನ್ನೂ ದೇಹಬಾಧೆ ತಡೆಯುವುದರ ಕೇಡನ್ನೂ ವಿವರಿಸತೊಡಗಿದರು. ಮಾತು ಮುಗಿಯುವ ಲಕ್ಷಣ ಕಾಣದೆ ಗಣಿತದ ಮೇಡಂ ಶೌಚಕ್ಕೆಂದು ಮೆಲ್ಲಗೆ ಎದ್ದರು.

"ಕೂತ್ಕೊಳ್ಳಿ ಮೇಡಂ," ಎಂದರು ಹೆಡ್‌ಮಾಸ್ತರರು. "ಮುಖ್ಯವಾದ ವಿಷಯ ಹೇಳ್ತಿದೀನಿ."