ಚಕ್ರದಡಿಯ ಇಟ್ಟಿಗೆ

ನಮ್ಮ ಸೋದರಮಾವ ಅಶ್ವತ್ಥಪ್ಪ ಅನುಮಾನದ ಆಸಾಮಿ. ತೆಂಗಿನಕಾಯಿ ಕೊಂಡರೆ ಅಂಗಡಿಯ ಮುಂದೆಯೇ ಒಡೆಸಿ ನೋಡುತ್ತಾನೆ. ಮದುವೆ ಮನೆಗೆ ಹೋದರೆ ಒಂದು ಚಪ್ಪಲಿಯನ್ನು ಈ ಬಾಗಿಲಲ್ಲಿ, ಇನ್ನೊಂದನ್ನು ಆ ಬಾಗಿಲಲ್ಲಿ ಬಿಡುತ್ತಾನೆ. ಒಂಟಿ ಚಪ್ಪಲಿಯನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ ಎಂಬುದು ಅವನ ನಂಬಿಕೆ. ಅವನಿಗಿರುವ ನಂಬಿಕೆ ಅದೊಂದೇ ಎಂದು ನಾವು ತಮಾಷೆ ಮಾಡುವುದುಂಟು.

ನಲವತ್ತು ವರ್ಷ ಗಾರೆ ಕೆಲಸ ಮಾಡಿದವನು. ಕೊಡಿಗೇಹಳ್ಳಿಯಿಂದ ಯಲಹಂಕದವರೆಗೆ ಅವನು ಎಬ್ಬಿಸಿದ ಗೋಡೆಗಳಿವೆ, ಒಂದೂ ವಾಲಿಲ್ಲ. ಕಲ್ಲಿನ ಮೇಲೆ ರಸಮಟ್ಟ ಇಟ್ಟು, ಅದರ ಗಾಜಿನೊಳಗಿನ ಗುಳ್ಳೆ ನಡುವೆ ಬಂದು ನಿಂತರೂ ಅವನಿಗೆ ಸಮಾಧಾನವಿಲ್ಲ. ರಸಮಟ್ಟವನ್ನು ಹಿಂದುಮುಂದಾಗಿ ತಿರುಗಿಸಿಟ್ಟು ಇನ್ನೊಮ್ಮೆ ನೋಡುತ್ತಾನೆ. ರಸಮಟ್ಟವೇ ಸುಳ್ಳು ಹೇಳಿಬಿಟ್ಟರೆ?

ಈ ಬುದ್ಧಿ ಸುಮ್ಮನೆ ಬಂದದ್ದಲ್ಲ. ಜಕ್ಕೂರಿನಲ್ಲಿ ಮನೆ ಪಕ್ಕ ಅವನದೇ ಒಂದು ತುಂಡು ಜಾಗವಿತ್ತು. ಅಲ್ಲಿಗೆ ಒಬ್ಬ ಇಸ್ತ್ರಿ ಗಾಡಿ ತಂದು ನಿಲ್ಲಿಸಿದ. ಗಾಡಿ ಉರುಳದಿರಲಿ ಎಂದು ಚಕ್ರಕ್ಕೆ ಕಲ್ಲು ಕೊಟ್ಟ. ಮಳೆ ನೀರು ನಿಲ್ಲುತ್ತದೆಂದು ಕೆಳಗೆ ಇಟ್ಟಿಗೆ ಇಟ್ಟ. ಬಿಸಿಲೆಂದು ಶೀಟು ಹೊದಿಸಿದ, ಕತ್ತಲೆಂದು ಕರೆಂಟು ಎಳೆಸಿದ. ಮಾವ ಎದ್ದು ಕೇಳುವಷ್ಟರಲ್ಲಿ ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದ. ಜಾಗ ಹೋಯಿತು. ಅಂದಿನಿಂದ ಯಾರಾದರೂ ಚಕ್ರದ ಕೆಳಗೆ ಕಲ್ಲಿಟ್ಟರೆ ಮಾವನ ಎದೆ ಡವಗುಟ್ಟುತ್ತದೆ.

ಬಾಗಲೂರಿನ ಹತ್ತಿರ ನನ್ನ ಅಮ್ಮ ಮುನಿಗಂಗಮ್ಮನಿಗೆ ಎಂಟು ಗುಂಟೆ ಇದೆ. ತಾತ ಸಾಯುವ ಮುಂಚೆ ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಬರೆದುಕೊಟ್ಟದ್ದು. ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆ ಕೊಡಿಗೇಹಳ್ಳಿಯಲ್ಲಿದ್ದಾಳೆ. ತನ್ನದು ಎಂದು ಹೇಳಿಕೊಳ್ಳಲು ಅವಳಿಗಿರುವುದು ಆ ನೆಲವೊಂದೇ. ಬೇಲಿ ಇಲ್ಲದ ನೆಲಕ್ಕೆ ಕಾವಲು ಬೇಕು ಎಂದು ಮಾವ ಹನ್ನೆರಡು ವರ್ಷದ ಹಿಂದೆ ಅತ್ತೆಯನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಒಂದು ಮೂಲೆಯಲ್ಲಿ ನೆಲೆಯಾದ.

ಉಳಿದ ಜಾಗ ಖಾಲಿ ಬಿದ್ದಿತ್ತು. ಕಾರಿನ ಹಿಂದೆ ಪುಟ್ಟ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಊರೂರು ಸುತ್ತುವವರು ಈಗ ಹೆಚ್ಚಾಗಿದ್ದಾರೆ. ಅಂಥವರಿಗೆ ತಂಗಲು ಕೊಡೋಣ ಎಂಬ ಉಪಾಯ ನನ್ನದು. ಅಮ್ಮ ಒಪ್ಪಿದಳು. ಮಾವ ಮಾತ್ರ, "ಶಿಲ್ಪ, ಬೇಲೀಲಿರೋ ಓತಿಕ್ಯಾತನ ಮೈಮ್ಯಾಲ್ ಬಿಟ್ಕಂಡಂಗಾಯ್ತದೆ ಕಣಮ್ಮಿ" ಎಂದ.

ಮೊದಲು ಬಂದವರು ನರೇಂದ್ರ, ಸಂಯುಕ್ತಾ ದಂಪತಿ. ಐವತ್ತು ದಾಟಿದವರು, ಆರ್‌ಟಿ ನಗರದ ಮನೆ ರಿಪೇರಿಗೆ ಬಿಟ್ಟು ಬಂದಿದ್ದರು. ನಾಲ್ಕು ದಿನ ಇರುತ್ತೇವೆ ಎಂದರು. ಜಾಗ ತೋರಿಸಲು ನಾನೂ ಅಂದು ಅಲ್ಲಿಗೆ ಹೋಗಿದ್ದೆ. ನೆಲ ಒಂದು ಕಡೆಗೆ ಇಳಿಜಾರು. ಟ್ರೇಲರ್ ಎಡಕ್ಕೆ ನಾಲ್ಕು ಬೆರಳಷ್ಟು ವಾಲಿ ನಿಂತಿತು. ಮಟ್ಟ ಮಾಡದಿದ್ದರೆ ಒಳಗಿನ ಗ್ಯಾಸ್ ಫ್ರಿಜ್ ತಣ್ಣಗಾಗುವುದಿಲ್ಲ, ಪಾತ್ರೆ ತೊಳೆದ ನೀರು ಹರಿದುಹೋಗುವುದಿಲ್ಲ ಎಂದು ನರೇಂದ್ರ ವಿವರಿಸಿದರು. ಎಡ ಚಕ್ರವನ್ನು ಒಂದು ಹಲಗೆಯ ಮೇಲೆ ಹತ್ತಿಸಿದರು, ಸಾಲಲಿಲ್ಲ. ಮಾವನ ಮನೆ ಪಕ್ಕದ ಇಟ್ಟಿಗೆ ರಾಶಿ ನೋಡಿ, "ನಾಲ್ಕು ಇಟ್ಟಿಗೆ ಕೊಡ್ತೀರಾ ಯಜಮಾನ್ರೇ?" ಎಂದು ಕೇಳಿದರು.

"ಇಟ್ಗೆ ಗಿಟ್ಗೆ ಕೊಡಕ್ಕಾಗಕಿಲ್ಲ. ನಾಕ್ ದಿನ ತಾನೆ, ವಾಲ್ಕಂಡೇ ಇರ್ಲಿ ಬುಡಿ."

ನರೇಂದ್ರ ಅಲ್ಲಿ ಇಲ್ಲಿ ಹುಡುಕಿ ಚಪ್ಪಡಿ ಚೂರುಗಳನ್ನು ತಂದು ತುರುಕಿದರು. ಆಮೇಲೆ ಫೋನನ್ನು ಟ್ರೇಲರಿನ ನೆಲದ ಮೇಲೆ ಮಲಗಿಸಿ, "ಆಯ್ತು, ಮಟ್ಟ ಬಂತು" ಎಂದರು.

ಮಾವ ಮೂರು ಸಲ ಆ ಕಡೆ ನೋಡಿದ, ಮೂರು ಸಲ ಮುಖ ತಿರುಗಿಸಿದ. ನಾಲ್ಕನೆಯ ಸಲಕ್ಕೆ ತಡೆಯಲಾಗಲಿಲ್ಲ. ಒಳಗೆ ಹೋಗಿ ರಸಮಟ್ಟ ತಂದ. "ಮಟ್ಟನಾ ಇದು? ಇನ್ನೂ ಒಂದ್ ಬೆರಳು ತಗ್ಗೈತೆ. ಫೋನ್ಗೇನ್ ಗೊತ್ತು ಗಾರೆ ಕೆಲ್ಸ?" ಎಂದು ಚಪ್ಪಡಿ ಚೂರುಗಳನ್ನು ಕಿತ್ತೆಸೆದ. ತನ್ನ ರಾಶಿಯಿಂದಲೇ ಇಟ್ಟಿಗೆ ಹೊತ್ತು ತಂದು ಸಾಲಾಗಿ ಜೋಡಿಸಿ, ಮೇಲೆ ಹಲಗೆ ಹಾಸಿದ. ನರೇಂದ್ರರ ಜೀಪು ಟ್ರೇಲರಿನ ಚಕ್ರವನ್ನು ಅದರ ಮೇಲಕ್ಕೆಳೆಯಿತು. ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಜೀಪು ಬಿಚ್ಚಿಸಿ, ಟ್ರೇಲರಿನ ಮುಂದಿನ ಜಾಕಿ ತಿರುಗಿಸಿದ. ನಾಲ್ಕು ಮೂಲೆಯ ಕಾಲು ಇಳಿಸಿದ. ಗುಳ್ಳೆ ನಡುವೆ ನಿಂತಿತು. ರಸಮಟ್ಟ ತಿರುಗಿಸಿಟ್ಟ, ಆಗಲೂ ನಿಂತಿತು. ಮುಖ ಅರಳಿತು.

ಎದ್ದು ಕೈ ಕೊಡವಿಕೊಂಡವನು ಹಾಗೇ ನಿಂತುಬಿಟ್ಟ. ತಂಗಿಯ ನೆಲದಲ್ಲಿ, ಯಾರೋ ಅಪರಿಚಿತರ ಚಕ್ರದಡಿಗೆ, ತನ್ನ ಕೈಯಾರೆ ಇಟ್ಟಿಗೆ ಇಟ್ಟಿದ್ದ. ನನಗೆ ನಗು ತಡೆಯಲಾಗಲಿಲ್ಲ.

ಅಂದಿನಿಂದ ಅವನಿಗೆ ನೆಮ್ಮದಿ ಇಲ್ಲ. ದಿನಾ ಬೆಳಿಗ್ಗೆ ಚಕ್ರದ ಫೋಟೋ ತೆಗೆದು ನನಗೆ ಕಳಿಸುತ್ತಿದ್ದ, ನಾಳೆ ಸಾಕ್ಷಿಗೆ ಬೇಕಾಗುತ್ತದೆ ಎಂದು. ಕರೆಂಟಿಗೆ ತನ್ನ ಮೀಟರಿನಿಂದ ವೈರು ಕೊಡಲು ಒಪ್ಪಲಿಲ್ಲ. ಪಾಪ, ಅವರು ಸೋಲಾರಿನಲ್ಲಿ ಸುಧಾರಿಸಿಕೊಂಡರು. ಒಂದು ದಿನ ಸಂಯುಕ್ತಾ ಟ್ರೇಲರಿನ ಮೆಟ್ಟಿಲ ಮುಂದೆ ನೀರು ಹಾಕಿ ಪುಟ್ಟ ರಂಗೋಲಿ ಬಿಟ್ಟರು. ಮಾವ ಫೋನಿನಲ್ಲಿ ಕೂಗಾಡಿದ: "ರಂಗೋಲಿ ಬುಟ್ಟವ್ರೆ ಕಣಮ್ಮಿ! ವಾಸ್ಲು ಅಂತ ಆಗೋಯ್ತು. ಇನ್ ಏಳ್ತಾರಾ ಅವ್ರು?"

ರಿಪೇರಿ ಮುಗಿಯಲಿಲ್ಲ ಎಂದು ನಾಲ್ಕು ದಿನ ಹದಿನೈದಾಯಿತು. ಮಾವ ನೇರವಾಗಿ ಅಮ್ಮನಿಗೇ ಫೋನು ಮಾಡಿದ. "ಬಾರಮ್ಮ ಗಂಗಮ್ಮ. ನಿನ್ ಜಾಗ ಓಗ್ತಾ ಐತೆ, ಕಣ್ಣಾರೆ ನೋಡು ಬಾ."

ಭಾನುವಾರ ಅಮ್ಮನನ್ನು ಕರೆದುಕೊಂಡು ಹೋದೆ. ನರೇಂದ್ರ ದಂಪತಿ ಯಲಹಂಕಕ್ಕೆ ಸಾಮಾನು ತರಲು ಹೋಗಿದ್ದರು. ಮಾವ ಒಂದೊಂದನ್ನೇ ಬೆಟ್ಟು ಮಾಡಿ ತೋರಿಸಿದ, ಇಟ್ಟಿಗೆ, ಕಲ್ಲು, ನಾಲ್ಕು ಕಾಲು, ರಂಗೋಲಿ. "ಇವತ್ತು ಇಟ್ಗೆ, ನಾಳೆ ಶೀಟು, ನಾಡಿದ್ದು ಮೀಟ್ರು. ಇಂಗೇ ಶುರುವಾಗೋದು ಕಣಮ್ಮ, ನಾನ್ ಕಂಡಿಲ್ವಾ?"

ಅಮ್ಮ ಟ್ರೇಲರನ್ನು ಒಂದು ಸುತ್ತು ಹಾಕಿದಳು. ಬಗ್ಗಿ ಟೈರು ಮುಟ್ಟಿ ನೋಡಿದಳು. ಆಮೇಲೆ ತಲೆಯೆತ್ತಿ ಮೂಲೆಯ ಕಡೆ, ಮಾವನ ಮನೆಯ ಕಡೆ ನೋಡಿದಳು.

"ಇದಕ್ಕೆ ಚಕ್ರ ಐತಣ್ಣ, ಒಂದಿನ ಓಗ್ತದೆ. ನಿನ್ ಮನೆಗೆ ಎಲ್ಲೈತೆ ಚಕ್ರ?"

ಮಾವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನನಗೆ ಕೂಡಲೇ ಆಯಿತು, ಏಕೆಂದರೆ ಎಷ್ಟೋ ವರ್ಷದಿಂದ ಆ ಮಾತು ನನ್ನ ಗಂಟಲಲ್ಲೂ ಇತ್ತು. ಮಾವ ಬಂದಾಗ ಅಲ್ಲಿದ್ದದ್ದು ನಾಲ್ಕು ಕಂಬ, ಒಂದು ಶೀಟು. ಹಾವು ಬರುತ್ತದೆಂದು ಗೋಡೆ ಎಬ್ಬಿಸಿದ. ಅತ್ತೆಗೆ ಮಂಡಿನೋವೆಂದು ಸಿಮೆಂಟು ನೆಲ ಮಾಡಿಸಿದ. ಮೀಟರು ಹಾಕಿಸುವಾಗ ಅಮ್ಮನನ್ನು ಯಾಕೆ ಅಲೆದಾಡಿಸಬೇಕೆಂದು ತನ್ನ ಹೆಸರು ಕೊಟ್ಟ. ಮನೆ ಕಂದಾಯದ ರಸೀದಿಯೂ ಅದೇ ಹೆಸರಿಗೆ ಬಂತು. ಒಂದೊಂದಕ್ಕೂ ಕಾರಣವಿತ್ತು, ಒಂದೂ ಸುಳ್ಳಲ್ಲ. ಇಸ್ತ್ರಿ ಗಾಡಿಯವನ ಹತ್ತಿರವೂ ಕಾರಣಗಳಿದ್ದವು.

"ನನ್ ಮ್ಯಾಲೇ ಅನ್ಮಾನಾನಾ ಗಂಗಮ್ಮ?" ಮಾವನ ದನಿ ಇಳಿದುಹೋಗಿತ್ತು. "ಒಂದ್ ಮಾತು ಕೇಳ್ಬೌದಿತ್ತಲ್ಲಮ್ಮ."

"ಕೇಳಿದ್ರೆ ಜಾಗ ಉಳೀತಿತ್ತು, ಅಣ್ಣ ಉಳೀತಿರ್ಲಿಲ್ಲ. ಅದಕ್ಕೇ ಕೇಳ್ಲಿಲ್ಲ."

"ಮತ್ತೆ ಇವತ್ಯಾಕ್ ಕೇಳ್ದೆ?"

"ನೀನು ಕಂಡೋರ್ ಕಡೆ ಬೆಟ್ಟು ಮಾಡ್ದೆ ನೋಡು, ತಡ್ಕಳಕ್ಕಾಗ್ಲಿಲ್ಲ."

ಮಾವ ರೇಗಲಿಲ್ಲ, ಆಣೆ ಇಡಲಿಲ್ಲ. ತನ್ನ ಮನೆಯ ಗೋಡೆಯನ್ನು ಬೇರೆ ಯಾರೋ ಕಟ್ಟಿದ್ದೇನೋ ಎಂಬಂತೆ ನೋಡುತ್ತಾ ನಿಂತ. ಹನ್ನೆರಡು ವರ್ಷ ಅವನು ಅನುಮಾನದಿಂದ ನೋಡದೇ ಬಿಟ್ಟ ಗೋಡೆ ಅದೊಂದೇ ಇರಬೇಕು. ಅವನ ಮನಸ್ಸಿನಲ್ಲಿ ಮೋಸವಿತ್ತೇ? ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿರಲಿಲ್ಲ ಎಂದು ಅವನ ಮುಖ ನೋಡಿದರೆ ಅನಿಸುತ್ತಿತ್ತು.

ಸೋಮವಾರ ಅವನೇ ಬಂದು ಅಮ್ಮನನ್ನು ಕರೆದುಕೊಂಡು ಹೋದ. ಮೀಟರನ್ನು ಅವಳ ಹೆಸರಿಗೆ ಮಾಡಲು ಅರ್ಜಿ ಕೊಟ್ಟ, ರಸೀದಿಗೂ ಕೊಟ್ಟ. ಮನೆ ಖಾಲಿ ಮಾಡುತ್ತೇನೆ ಎಂದಾಗ ಅಮ್ಮ ಬೈದಳು: "ನಿನ್ನ ಓಗು ಅಂದೋರ್ ಯಾರು? ಸುಮ್ನೆ ಬಿದ್ದಿರು." ನರೇಂದ್ರ ದಂಪತಿ ಆ ವಾರವೇ ಇಟ್ಟಿಗೆಗಳನ್ನು ಮತ್ತೆ ರಾಶಿಗೆ ಜೋಡಿಸಿಟ್ಟು, ಮಾವನ ಕೈ ಹಿಡಿದು ಥ್ಯಾಂಕ್ಸ್ ಹೇಳಿ ಹೊರಟರು.

ಎಲ್ಲ ಸರಿಹೋಯಿತು ಅಂದುಕೊಂಡೆ. ಮೊನ್ನೆ ಅಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಮಾವನ ಫೋನು ಬಂತು. ಅವಳ ಕೈಯೆಲ್ಲ ಅಂಟಾಗಿತ್ತು, ನಾನು ಸ್ಪೀಕರಿಗೆ ಹಾಕಿದೆ.

"ಗಂಗಮ್ಮ, ಕ್ಯಾಲೆಂಡರ್ ನೇತಾಕಕ್ಕೆ ಗೋಡೆಗೊಂದು ಮೊಳೆ ಒಡೀಬೇಕಿತ್ತು. ಒಡೀಲೇನಮ್ಮ?"

ಅಮ್ಮ, "ಒಡ್ಕಳಣ್ಣ" ಎಂದಳು. ಗೋಡೆ ಎಬ್ಬಿಸುವಾಗ ಕೇಳದ ಅಣ್ಣ ಈಗ ಒಂದು ಮೊಳೆಗೆ ಅಪ್ಪಣೆ ಕೇಳುತ್ತಿದ್ದ, ಪರರ ಮನೆಯಲ್ಲಿದ್ದವನಂತೆ. ಫೋನು ಇಟ್ಟ ಮೇಲೆ ಸುಲಿದ ಕಾಳನ್ನೂ ಸಿಪ್ಪೆಯನ್ನೂ ಒಂದೇ ಪಾತ್ರೆಗೆ ಹಾಕುತ್ತಾ ಕೂತಳು. ನಾನು ಪಕ್ಕದಲ್ಲಿ ಕೂತು ಸಿಪ್ಪೆ ಆರಿಸತೊಡಗಿದೆ.